ಸಾಹುಕಾರರ ಐದೂವರೆ

ದೌಲತರಾಯ ಸಾಹುಕಾರರು ನಾಲ್ಕು ಗಂಟೆಗೆ ಏಳುತ್ತಾರೆ. ಏಳಲಿ, ಅವರ ಮನೆ, ಅವರ ನಿದ್ದೆ. ಆದರೆ ತಾವು ಎದ್ದ ಮೇಲೂ ಆಳಂದದಲ್ಲಿ ಯಾರಾದರೂ ಮಲಗಿದ್ದರೆ ಅದು ಸೋಮಾರಿತನವೆಂದು ಅವರ ಲೆಕ್ಕ. ಅವರ ಹೊಸ ಮನೆ ಕಟ್ಟುವ ಗುತ್ತೇದಾರ ನಾನು. ಪಾಯ ತೋಡಿದ ಮರುದಿನವೇ ಹೇಳಿದರು:

"ಜಗದೇವ, ದಿನಾ ಐದೂವರೆಗೆ ಬಂದು ಭೇಟಿ ಆಗ್ಬೇಕು ನೋಡು. ಏಳಕ್ಕ ನಾ ಅಡತಿ ಅಂಗಡಿಗೆ ಹೋಗ್ತೇನಿ."

"ಸಂಜಿಗೆ ಬಂದ್ರ ನಡೀತದೇನ್ರಿ?"

"ಸಂಜಿಗೆ ನನಗ ಯಾರ ಮಾರಿನೂ ಬ್ಯಾಡ ಅನಸ್ತದ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬೈದು ಬರುತ್ತಿದ್ದೆ. ನನ್ನ ಬಾಯಿ ಎಂಥದ್ದೆಂದು ಊರಿನ ಎಲ್ಲ ಗೌಂಡಿಗಳಿಗೂ ಗೊತ್ತು. ಆದರೆ ಹತ್ತೊಂಬತ್ತು ವರ್ಷ ನಾನು ಕಟ್ಟಿದ್ದು ನಮ್ಮ ಓಣಿಯ ಸಣ್ಣ ಮನೆ, ಶೌಚಾಲಯ, ಚರಂಡಿ. ಪೇಟೆಯಲ್ಲಿ ಎರಡಂತಸ್ತಿನ ಮನೆಯನ್ನು ನಮ್ಮ ಓಣಿಯವನ ಕೈಗೆ ಯಾರೂ ಕೊಟ್ಟಿರಲಿಲ್ಲ. ಇದೊಂದು ಎದ್ದು ನಿಂತರೆ ಇಂಥ ಇನ್ನೊಂದು ಬರುತ್ತದೆ. "ಆಗ್ಲಿರಿ" ಅಂದೆ.

ನನ್ನ ಕೂಲಿಯವರು ನಿಂಬರ್ಗಾದವರು. ರಮಾಬಾಯಿ ಎಂಬ ಹೆಣ್ಣುಮಗಳ ಗುಂಪು, ಇಪ್ಪತ್ತೆರಡು ಜನ. ಅವಳ ಕರಾರು ಒಂದೇ. ಕೆಲಸ ಕೊಡುವವನೇ ಆರು ಗಂಟೆಗೆ ಗಾಡಿ ತಂದು ನಿಲ್ಲಬೇಕು, ಕೂಲಿ ಇಷ್ಟು, ಸಂಜೆ ಇಷ್ಟಕ್ಕೆ ಮನೆ ಮುಟ್ಟಿಸುತ್ತೇನೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಬರೀ ಡ್ರೈವರನನ್ನು ಕಳಿಸಿದರೆ ಹತ್ತುವುದಿಲ್ಲ. ಹೋದ ವರ್ಷ ಯಾರದೋ ಡ್ರೈವರ ಅರ್ಧ ದಾರಿಗೇ ಇಳಿಸಿ ಓಡಿಹೋಗಿದ್ದನಂತೆ. ಅವಳದೇನೂ ತಪ್ಪಿಲ್ಲ. ಆದರೆ ನನ್ನ ಹಳೆಯ ಗಾಡಿಯಲ್ಲಿ ನಿಂಬರ್ಗಾ ಮುಕ್ಕಾಲು ತಾಸಿನ ದಾರಿ. ಐದೂವರೆಗೆ ಸಾಹುಕಾರರ ಕಟ್ಟೆಯ ಮೇಲೆ ಕುಳಿತವನು ಆರಕ್ಕೆ ಅಲ್ಲಿ ಹೇಗೆ ಇರಬೇಕು?

ಅದೂ ತೊಗರಿ ಕೊಯ್ಲಿನ ಕಾಲ. ಆರೂಕಾಲಿಗೆ ಹೊಲದವರ ಗಾಡಿಗಳು ಬಂದು ಜನರನ್ನು ತುಂಬಿಸಿಕೊಂಡು ಹೋಗುತ್ತವೆ. ನಾನು ಮುಟ್ಟುವಷ್ಟರಲ್ಲಿ ಉಳಿಯುವುದು ಏಳೆಂಟು ಜನ. ಅಷ್ಟರಲ್ಲೇ ಮಾಡಿಸಿದೆ. ಕೆಲಸ ಹಿಂದೆ ಬಿತ್ತು. ಯಾಕೆ ಹಿಂದೆ ಬಿತ್ತೆಂದು ವಿಚಾರಿಸಲು ಸಾಹುಕಾರರು ಮುಂಜಾನೆ ಇನ್ನೂ ಹೆಚ್ಚು ಹೊತ್ತು ಕೂಡಿಸಿಕೊಳ್ಳತೊಡಗಿದರು.

"ಮಂದಿ ಎಲ್ಲಿ ಜಗದೇವ?"

"ನಾ ನಿಮ್ಮ ಮುಂದ ಕುಂತೇನಲ್ರಿ, ಮಂದೀನ ಯಾರು ತರ್ತಾರ್ರಿ?"

"ಬಾಯಿ ಚಲೋ ಅದ ನಿಂದು. ಕೈ ನೋಡ್ಬೇಕಾಗ್ಯದ."

ಕಡೆಗೆ ಸ್ಲ್ಯಾಬಿಗೆ ಸೋಮವಾರ ನಿಗದಿಯಾಯಿತು. ಸ್ಲ್ಯಾಬ್ ಹಾಕುವುದನ್ನು ಅರ್ಧಕ್ಕೆ ನಿಲ್ಲಿಸಲು ಬರುವುದಿಲ್ಲ. ನಿಲ್ಲಿಸಿದರೆ ಆ ಕೂಡಿಕೆಯಲ್ಲೇ ಸೋರುತ್ತದೆ. ಇಪ್ಪತ್ತು ಜನ ಬೇಕೇ ಬೇಕು. ಸಾಹುಕಾರರು ಮೊದಲೇ ಹೇಳಿದ್ದರು: "ಸೋಮಾರ ಆಗ್ಲಿಲ್ಲಂದ್ರ ಕಲಬುರಗಿ ಹಣಮಂತ್ರಾಯಗ ಕೆಲಸ ಕೊಡ್ತೇನಿ. ಅವನ ಮಂದಿ ಅವನ ಸಂಗಾಟೇ ಇರ್ತದ."

ರವಿವಾರ ಕೈ ಮುಗಿದೆ. "ನಾಳಿ ಒಂದಿನ ಬಿಡ್ರಿ ಸಾವ್ಕಾರ್ರ. ಸೀದಾ ನಿಂಬರ್ಗಾಕ್ಕ ಹೋಗ್ತೇನಿ."

"ಸ್ಲ್ಯಾಬಿನ ದಿನಾನೇ ಮಾತಾಡ್ಲಿಲ್ಲಂದ್ರ ಹ್ಯಾಂಗೋ? ಐದಕ್ಕೇ ಬಾ. ಹತ್ತು ಮಿನಿಟು."

ಐದಕ್ಕೇ ಹೋದೆ. ಒಳಗೆ ಪೂಜೆ ನಡೆದಿತ್ತು. ಪೂಜೆಗೆ ಕುಳಿತರೆ ಅವರನ್ನು ಯಾರೂ ಕರೆಯುವಂತಿಲ್ಲ. ಅವರ ಹೆಂಡತಿ ಸುಮಿತ್ರಾಬಾಯಿ ಚಹಾ ಕೊಟ್ಟು "ಈಗ ಬರ್ತಾರಪಾ" ಎಂದು ಮೂರು ಸಲ ಹೇಳಿ ಹೋದರು. ನಾನು ರಮಾಬಾಯಿಗೆ ಫೋನ್ ಮಾಡಿದೆ.

"ಆರೂವರಿ ತನಕ ಮಂದೀನ ಹಿಡಿ ಬೇ."

"ಹಿಡಿತೇನಿ ಅಣ್ಣಾ. ಅದರ ಮ್ಯಾಲೆ ಆಗಂಗಿಲ್ಲ. ಮೋಡ ಆಗ್ಯಾವ, ಹೊಲದವ್ರು ಹುಚ್ಚು ಹಿಡ್ದಂಗ ಬರಾಕತ್ತಾರ."

ಸಾಹುಕಾರರು ಹೊರಗೆ ಬಂದದ್ದು ಆರಕ್ಕೆ ಹತ್ತು ನಿಮಿಷವಿದ್ದಾಗ. ಸ್ಲ್ಯಾಬಿನ ಮಾತೇ ಇಲ್ಲ. ಬೀಗರ ಮನೆಯಲ್ಲಿ ದುಂಡನೆಯ ಕಿಟಕಿ ನೋಡಿ ಬಂದಿದ್ದರು, ಮೆಟ್ಟಿಲ ಗೋಡೆಗೆ ಅಂಥದ್ದೇ ಬೇಕಿತ್ತು. ಹಾಳೆಯ ಮೇಲೆ ಬಟ್ಟಲು ಬೋರಲಿಟ್ಟು ಸುತ್ತ ಪೆನ್ನು ಎಳೆದು ತೋರಿಸಿದರು. ಸಣ್ಣದಾಯಿತೆಂದು ತಾಟು ತರಿಸಿದರು. ನಾನು ಹೂಂ ಅನ್ನುತ್ತ ಕುಳಿತೆ. ಎದ್ದಾಗ ಆರೂ ಇಪ್ಪತ್ತು.

ನಿಂಬರ್ಗಾ ಮುಟ್ಟಿದಾಗ ಏಳು ದಾಟಿತ್ತು. ಜನ ನಿಲ್ಲುವ ಜಾಗ ಖಾಲಿ. ಚಹಾದಂಗಡಿಯ ಬೀಬಿಜಾನ ನನ್ನನ್ನು ನೋಡಿ ನಕ್ಕಳು.

"ಈಗ ಬಂದ್ರೇನ್ ಭಾಯಿ? ರಮಾಬಾಯಿ ಆರೂವರಿ ಮಟ ಯಾರ ಗಾಡೀನೂ ಹತ್ತಲಿಲ್ಲ. ಆಮ್ಯಾಲೆ ಹತ್ತಿ ಹೋದ್ಲು."

"ಯಾರ ಗಾಡಿ?"

"ನಿಮ್ಮ ಸಾವ್ಕಾರ್ ಮಗ ಸಂಜುಕುಮಾರಂದು. ಖುದ್ದ ಅವನೇ ಬಂದಿದ್ದ. ನಿಮಗ ಗೊತ್ತಿಲ್ಲೇನು?" ನನ್ನ ಮುಖ ನೋಡಿ ನಗು ನಿಲ್ಲಿಸಿದಳು.

ಸಾಹುಕಾರರ ಹೊಲ ಅಲ್ಲಿಂದ ಎರಡು ಮೈಲು. ಹೋದೆ. ಇಪ್ಪತ್ತೆರಡು ಜನರೂ ಸಾಲು ಹಿಡಿದು ತೊಗರಿ ಕೊಯ್ಯುತ್ತಿದ್ದರು. ಸಂಜುಕುಮಾರ ಗಾಡಿಗೆ ಒರಗಿ ನಿಂತಿದ್ದ.

"ಸಂಜಣ್ಣ, ಇವತ್ತು ನಿಮ್ಮದೇ ಮನಿ ಸ್ಲ್ಯಾಬ್ ಅದ್ರಿ. ಈ ಮಂದಿ ನನಗ ಬೇಕ್ರಿ."

ಅವನು ಅಪ್ಪನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ.

"ಮೋಡ ನೋಡಿಯೇನು?" ಅಂದರು ಸಾಹುಕಾರರು. "ತೊಗರಿ ತೊಯ್ದ್ರ ನೀ ತುಂಬಿ ಕೊಡ್ತಿಯೇನು?"

"ಸ್ಲ್ಯಾಬೂ ನಿಮ್ಮದೇ ಅಲ್ಲೇನ್ರಿ?"

"ಹೊಲ ಸಂಜು ನೋಡ್ತಾನ. ಮನಿ ನೀ ನೋಡ್ಬೇಕಾಗಿತ್ತು. ಅವ ಹೊತ್ತಿಗಿ ಸರಿಯಾಗಿ ಅಲ್ಲಿದ್ದ. ನೀ ಎಲ್ಲಿದ್ದಿ?"

ನಿಮ್ಮ ಕಟ್ಟಿ ಮ್ಯಾಲ್ರಿ, ನಿಮ್ಮ ತಾಟು ನೋಡ್ಕೋತ ಕುಂತಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೊರಗೆ ಬರಲಿಲ್ಲ.

"ಹೋಗ್ಲಿ ಬಿಡು," ಅಂದರು. "ಹಣಮಂತ್ರಾಯಗ ಹೇಳ್ತೇನಿ. ನಾಳಿ ಐದೂವರೆಗೆ ಬಾ. ಅವನೂ ಬರ್ತಾನ. ಎಲ್ಲಿ ಏನು ಅದ ಅಂತ ತಿಳಿಸಿ ಹೇಳು ಅವಗ."

"ಆಗ್ಲಿರಿ" ಅಂದೆ. ಫೋನ್ ವಾಪಸು ಕೊಟ್ಟೆ.

ಆಮೇಲೆ ನಾನು ಹೊಲದೊಳಗೆ ಇಳಿದು ಹೋಗಿ ರಮಾಬಾಯಿಯ ಮುಂದೆ ನಿಂತೆ.

"ಅರ್ಧ ತಾಸು ಇನ್ನೂ ನಿಲ್ಲಾಕ ಆಗ್ಲಿಲ್ಲೇನ್ ಬೇ ನಿನಗ? ನಿನ್ನ ನಂಬಿ ನನ್ನ ಬಾಳೇ ಹಾಳಾತು!" ಇನ್ನೂ ಅಂದೆ, ಇಲ್ಲಿ ಬರೆಯುವಂಥದ್ದಲ್ಲ. ಸಾಲಿನ ಹೆಂಗಸರೆಲ್ಲ ಕೊಯ್ಯುವುದನ್ನು ನಿಲ್ಲಿಸಿ ನೋಡಿದರು.

ಅವಳು ಕುಡಗೋಲು ಕೆಳಗಿಳಿಸಿದಳು. ಸಿಟ್ಟಾಗಲಿಲ್ಲ.

"ಅಣ್ಣಾ, ಈ ಮಾತು ಈಗ ಫೋನಿನ್ಯಾಗ ಸಾವ್ಕಾರ್ಗ ಯಾಕ ಅನ್ಲಿಲ್ಲ?"

ಉತ್ತರಕ್ಕೆ ಕಾಯದೆ ಬಗ್ಗಿ ಮುಂದಿನ ಗಿಡಕ್ಕೆ ಕೈ ಹಾಕಿದಳು. ತಪ್ಪಾಯ್ತವ್ವಾ ಅನ್ನಬೇಕಿತ್ತು ನಾನು. ಸಂಜುಕುಮಾರ ಗಾಡಿಗೆ ಒರಗಿ ನನ್ನನ್ನೇ ನೋಡುತ್ತಿದ್ದ. ಅವನು ನೋಡುತ್ತಿದ್ದಾನೆಂದು ಅದನ್ನೂ ಅನ್ನಲಿಲ್ಲ.