ಲಾರೆಲ್ ಎಣ್ಣೆ ಮತ್ತು ಗುರಲಿಂಗಪ್ಪನ ಮೊಣಕಾಲು

ಬಸವಂತಪ್ಪ ಮೂರನೆಯ ಸಲ ಒತ್ತಿದರೂ ಹೆಣದ ಎಡ ಮೊಣಕಾಲು ಬಗ್ಗಲಿಲ್ಲ. ಲಿಂಗಾಯತರನ್ನು ಮಲಗಿಸಿ ಮಣ್ಣು ಮಾಡುವುದುಂಟೇ? ಚಕ್ಕಳಮಕ್ಕಳ ಹಾಕಿಸಿ, ವಿಭೂತಿ ಬಳಿದು, ಕೂತಂತೆಯೇ ಒಯ್ಯಬೇಕು. ಆದರೆ ಬೆಳಗಿನ ಜಾವ ಸತ್ತ ಗುರಲಿಂಗಪ್ಪ ಆಗಲೇ ಸೆಟೆದಿದ್ದ. ಮುಲುಂಡಿನ ಆ ಚಾಳಿನಲ್ಲಿ ಹತ್ತು ಮಂದಿ ಹತ್ತು ಮಾತಾಡಿದರು. ಒಂದು ಕಾಲು ಚಾಚಿಕೊಂಡೇ ಇರಲಿ ಬಿಡಿ ಎಂದು ಹಿರಿಯನಾದ ಬಸವಂತಪ್ಪ ಕೈಚೆಲ್ಲಿದ.

"ನೆಟ್ಟಗ ಕುಂದರ್ಸೇ ಒಯ್ಯಬೇಕ್ರಿ," ಎಂದಳು ಸತ್ತವನ ಹೆಂಡತಿ ಸೋಮವ್ವ. "ಗೌಸಗ ಹೇಳಿ ಕಳಸ್ರಿ."

ಗೌಸ ಪಕ್ಕದ ಖೋಲಿಯವನು, ಫೋರ್ಟಿನ ಸುಗಂಧತೈಲದ ಗೋದಾಮಿನಲ್ಲಿ ಕೆಲಸ; ರಾತ್ರಿ ಪಾಳಿಗೆ ಹೋದವನು ಇನ್ನೂ ಬಂದಿರಲಿಲ್ಲ. ಬೇರೆ ಜಾತಿಯವನು ಹೆಣ ಮುಟ್ಟುವುದೇ ಎಂದು ಯಾರೋ ಗೊಣಗಿದರು. ಸೋಮವ್ವ ದುರುಗುಟ್ಟಿ ನೋಡಿದ ಮೇಲೆ ಗೊಣಗಾಟ ನಿಂತಿತು. ಕೆಳಗಿನ ಉಡುಪಿ ಹೋಟೆಲಿನಿಂದ ಗೋದಾಮಿಗೆ ಫೋನ್ ಹೋಯಿತು.

*

ಅರವತ್ತೇಳನೆಯ ಇಸವಿಯಲ್ಲಿ ಬಿಲ್ಡಿಂಗ್ ಕೆಲಸದಲ್ಲಿ ಅಟ್ಟಣಿಗೆಯಿಂದ ಬಿದ್ದ ಮೇಲೆ ಗುರಲಿಂಗಪ್ಪನ ಆ ಕಾಲು ಕೋಲಾಗಿತ್ತು. ಏಳು ವರ್ಷ ಪ್ರತಿ ಭಾನುವಾರ ಗೌಸ ಲಾರೆಲ್ ಎಣ್ಣೆ ತಂದು ತಿಕ್ಕುತ್ತಿದ್ದ.

ಸೋಮವ್ವನಿಗೋ ಎಲ್ಲವನ್ನೂ ಕೆದಕಿ ಕೇಳುವ ಚಟ. ಇದು ನಮ್ಮ ಪಲಾವಿನ ತೇಜಪತ್ತೆಯೇ? ಅಲ್ಲ, ನೋಡಲು ಹಾಗೇ ಇದ್ದರೂ ಹಡಗಿನಲ್ಲಿ ಬರುವ ಬೇರೆ ಗಿಡದ್ದು. ಗಾಣದಲ್ಲಿ ಅರೆದದ್ದೇ? ಅಲ್ಲ, ಎಲೆಗೆ ಹಬೆ ಹಾಯಿಸಿ ಇಳಿಸಿದ್ದು. ಮತ್ತೆ ನಾಲ್ಕೇ ಹನಿ ಯಾಕೆ ಜಿಪುಣತನ? ಬರೀ ಅದನ್ನೇ ಹಚ್ಚಿದರೆ ಚರ್ಮ ಸುಟ್ಟೀತು, ಎಳ್ಳೆಣ್ಣೆಯಲ್ಲೇ ಬೆರೆಸಬೇಕು. ಅದರ ಕರ್ಪೂರದಂಥ ಘಾಟಿಗೆ ಅವಳ ಕಟ್ಟಿದ ಮೂಗೂ ಬಿಡುತ್ತಿತ್ತು.

ತಿಕ್ಕಿದಷ್ಟು ಹೊತ್ತು ನೋವು ತಗ್ಗುತ್ತಿತ್ತು. ಬಗ್ಗಿಸು ಎಂದರೆ ಮಾತ್ರ ಗುರಲಿಂಗಪ್ಪ ಹಲ್ಲು ಕಚ್ಚಿ ಗೌಸನ ಕೈ ಹಿಡಿದುಬಿಡುತ್ತಿದ್ದ.

*

ಗೌಸ ಸಿಕ್ಕ ಲೋಕಲ್ ರೈಲು ಹತ್ತಿ ಬಂದ. ಎಣ್ಣೆ ಬೆರೆಸಿ, ತೊಡೆಯಿಂದ ಕೆಳಕ್ಕೆ ನೀವತೊಡಗಿದ.

ಅಷ್ಟು ಸಂಕಟದಲ್ಲೂ ಸೋಮವ್ವ ಕೇಳದೆ ಇರಲಿಲ್ಲ. "ಸತ್ತ ಮೈಯಾಗ ಎಣ್ಣಿ ಇಳೀತದೇನೋ, ಗೌಸ?"

"ಇಲ್ಲವ್ವಾ. ನನ್ನ ಕೈ ಜಾರಾಕ ಅಷ್ಟ." ಅವನು ಮೊಣಕಾಲನ್ನು ಎರಡೂ ಅಂಗೈಯಲ್ಲಿ ಹಿಡಿದ. "ಎಲುಬೇನು ಹಿಡದಿದ್ದಿಲ್ಲ. ಅಂವ ನೋವಿಗೆ ಅಂಜತಿದ್ದ. ಈಗ ಅಂಜಿಕಿ ಇಲ್ಲಲ್ಲ."

ಅರ್ಧ ಗಂಟೆ ಹಿಡಿಯಿತು. ಕಾಲು ಇಷ್ಟಿಷ್ಟೇ ಮಣಿದು ಮಡಚಿಕೊಂಡಿತು. ಬಸವಂತಪ್ಪನೇ ಗೌಸನ ಜೊತೆ ಕೈಹಾಕಿ ಗುರಲಿಂಗಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ. ವಿಭೂತಿ ಬಳಿದರು, ಹೂವು ಏರಿಸಿದರು. ಏಳು ವರ್ಷ ಗಂಡ ಸ್ಟೂಲಿನ ಮೇಲೆ, ತಾನು ನೆಲದ ಮೇಲೆ ಕೂತು ಉಂಡದ್ದು ನೆನಪಾಗಿ ಸೋಮವ್ವನಿಗೆ ಅಳು ಒತ್ತರಿಸಿ ಬಂತು.

ಎತ್ತಲು ಬಂದವರನ್ನು ಕೈ ಅಡ್ಡ ಹಿಡಿದು ನಿಲ್ಲಿಸಿ, ಅವಳು ಗಂಡನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಮೊಣಕಾಲಿಗೆ ಮೊಣಕಾಲು ತಾಗಿತು.