ಕಟಿಂಗ್ ಕೋಣೆಯ ಗುಟ್ಟು

ಆ ಬಟ್ಟೆ ಕಾರ್ಖಾನೆಯಲ್ಲಿ ಹೆಂಗಸರು ಹೊಲಿಯಬೇಕು, ಗಂಡಸರು ಕತ್ತರಿಸಬೇಕು. ಯಾರು ಮಾಡಿದ ಕಾನೂನೋ, ಅವನ ಮನೆ ಹಾಳಾಗ! ಕಟಿಂಗ್ ಮಾಸ್ಟರಿಗೆ ಬೇರೆ ಕೋಣೆ, ತಿಂಗಳ ಸಂಬಳ. ಉಳಿದವರಿಗೆ ದಿನಗೂಲಿ.

ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸು ಆ ಕೋಣೆಯಲ್ಲಿ ಹೆಲ್ಪರ್. ಹಾಸಿದ ಬಟ್ಟೆಯ ಸುಕ್ಕು ಬಿಡಿಸುವುದು, ಚೂರು ಗುಡಿಸುವುದು, ಅಷ್ಟೇ ಅವಳ ಕೆಲಸವೆಂದು ಹೊರಗಿನವರು ತಿಳಿದಿದ್ದರು. ಆದರೆ ಆರು ವರ್ಷದ ಹಿಂದೆಯೇ ಮಾಸ್ಟರ ಕೈ ನಡುಗತೊಡಗಿತ್ತು. "ಯಜಮಾನ್ರಿಗೆ ಗೊತ್ತಾದ್ರೆ ನನ್ ಕಥೆ ಮುಗೀತು ಕಣಮ್ಮ. ಕೆಲಸ ಬಿಡೋ ದಿನ ನಾನೇ ಹೇಳ್ತೀನಿ, ನನ್ ಜಾಗ ನಿಂಗೇ" ಎಂದು ಮುದುಕ ಕಣ್ಣೀರು ಹಾಕಿದ್ದ. ಅಕ್ಕ ಅವನ ಕೈಯಿಂದ ಕತ್ತರಿ ತೆಗೆದುಕೊಂಡಿದ್ದಳು. ಅಂದಿನಿಂದ ಬಾಗಿಲು ಮುಚ್ಚಿಕೊಂಡು ಗುರುತು ಹಾಕಿದವಳೂ ಅವಳೇ, ಕತ್ತರಿಸಿದವಳೂ ಅವಳೇ. ಹೊರಗೆ ತುಟಿ ಪಿಟಕ್ಕೆನ್ನಲಿಲ್ಲ. ಗಂಡನಿಗೂ ಹೇಳಲಿಲ್ಲ, ಪುಣ್ಯಾತಗಿತ್ತಿ.

ಮಾಸ್ಟರು ಕೆಲಸ ಬಿಡುವ ದಿನ ಬಂತು. ಮುದುಕ ಬಾಯಿಬಿಡುವ ಲಕ್ಷಣ ಕಾಣದೆ, ಅವನೆದುರೇ ಅಕ್ಕ ಕೋಣೆಗೆ ಬಂದ ಯಜಮಾನರನ್ನು ಕೇಳಿಬಿಟ್ಟಳು: "ಸಾರ್, ಮಾಸ್ಟ್ರ ಕೆಲಸ ನಂಗೆ ಕೊಡಿ. ಆರು ವರ್ಷದಿಂದ ಕತ್ತರಿಸ್ತಿರೋಳು ನಾನೇ. ಬೇಕಾದ್ರೆ ಇವರನ್ನೇ ಕೇಳಿ."

ಯಜಮಾನರು ನಕ್ಕರು. "ಏನ್ರೀ ಮಾಸ್ಟ್ರೇ, ನಿಜಾನಾ?"

ಮುದುಕ ಕೈ ಜೇಬಿಗೆ ಇಳಿಸಿದ. ಹೋಗುವ ಹೊತ್ತಿನಲ್ಲಿ ಮಾನ ಕಳೆದುಕೊಳ್ಳುವುದುಂಟೇ? "ಬಟ್ಟೆ ಹಿಡ್ಕೋತಿದ್ಳು ಸಾರ್. ಪಾಪ, ಒಳ್ಳೆ ಹೆಣ್ಮಗಳು" ಎಂದ.

ಹತ್ತಿದ ಏಣಿಯನ್ನು ಒದೆಯುವುದೆಂದರೆ ಇದೇ! ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಮೇಜಿನ ಮೇಲೆ ಬಟ್ಟೆ ಹಾಸಿದಳು, ಟೇಪು ಹಿಡಿದಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಕಾಲುಗಂಟೆಯಲ್ಲಿ ಅಂಗಿಯ ಬೆನ್ನು, ಎದೆ, ತೋಳು, ಕಾಲರು ಕತ್ತರಿಸಿಟ್ಟಳು. ಯಜಮಾನರು ಒಂದೊಂದನ್ನೂ ಅಳೆದು ನೋಡಿದರು. ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಅಬ್ಬಬ್ಬಾ!" ಎಂದರು. ಅವರ ಮುಖ ಅರಳಿತು. ಕೆಲಸ ಸಿಕ್ಕೇಬಿಟ್ಟಿತು ಅಂದುಕೊಂಡಳು ಹುಚ್ಚಿ.

"ನನ್ ತಲೆಮೇಲಿನ ಭಾರ ಇಳೀತು ನೋಡಮ್ಮ. ನಾಳೆಯಿಂದ ನನ್ ಬಾಮೈದ ಮಾಸ್ಟರಾಗಿ ಬರ್ತಾನೆ. ಅವನಿಗೆ ಕತ್ತರಿ ಹಿಡಿಯೋಕೂ ಬರಲ್ಲ, ಏನಪ್ಪಾ ಗತಿ ಅಂತಿದ್ದೆ. ಇನ್ನೇನು, ನೀನಿದ್ದೀಯಲ್ಲ! ಅವನ ಮರ್ಯಾದೆ ಹೋಗದ ಹಾಗೆ ನೋಡ್ಕೋ."

ಕೆಲಸ ಬಾರದಿದ್ದರೆ ಕಲಿಯಬಹುದಿತ್ತು. ಬರುತ್ತದೆಂದು ತೋರಿಸಿದ ಮೇಲೂ ಹೀಗಾದರೆ ಇನ್ನೇನು ಮಾಡುವುದು? ಬೈಯಬೇಕೆನಿಸಿತು, ಅಳಬೇಕೆನಿಸಿತು. ಮನೆಯಲ್ಲಿ ಎರಡು ಮಕ್ಕಳ ಹೊಟ್ಟೆ ನೆನಪಾಯಿತು.

"ನಾಳೆ ಎಷ್ಟೊತ್ತಿಗೆ ಬರ್ಲಿ ಸಾರ್?" ಎಂದಳು.