ಅಣ್ಣನ ಹೆಬ್ಬೆರಳು

ನನ್ನ ಅಣ್ಣ ಕಟ್ಟಡಗಳಿಗೆ ನೀರಿನ ಪೈಪು ಹಾಕಿಸುವ ಗುತ್ತಿಗೆದಾರ. ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದರಿಂದ ಜಗತ್ತಿನ ಸಕಲ ಪೈಪುಗಳೂ ತನ್ನ ಮಾತು ಕೇಳುತ್ತವೆ ಎಂಬ ಭ್ರಮೆ ಅವನಿಗೆ. ನನ್ನ ಎದೆಯಿಂದ ಇಳಿಬಿದ್ದಿರುವ ಪೈಪನ್ನೂ ಅವನು ಅದೇ ಸಾಲಿಗೆ ಸೇರಿಸಿಕೊಂಡಿದ್ದ.

ಸಣ್ಣ ಕರುಳನ್ನು ಬಹುಪಾಲು ಕತ್ತರಿಸಿ ತೆಗೆದು ಮೂರು ವರ್ಷವಾಯಿತು. ತಿಂದದ್ದು ಮೈಗೆ ಹತ್ತುವುದಿಲ್ಲ. ಹಾಗಾಗಿ ದಿನಾ ಸಂಜೆ ಹೆಂಡತಿ ಹಾಲಿನಂಥ ದ್ರವ ತುಂಬಿದ ಚೀಲವನ್ನು ಸ್ಟ್ಯಾಂಡಿಗೆ ನೇತುಹಾಕಿ, ಅದರ ಟ್ಯೂಬನ್ನು ನನ್ನ ಎದೆಯ ಪೈಪಿಗೆ ಜೋಡಿಸುತ್ತಾಳೆ. ಊಟ ನೇರ ರಕ್ತಕ್ಕೆ. ಕೊಳೆ ಸೇರಿದರೆ ಅದೂ ನೇರ ರಕ್ತಕ್ಕೆ. ಹಾಗೆ ಎರಡು ಸಲ ನಂಜಾಗಿ ಎರಡು ರಕ್ತನಾಳ ಮುಚ್ಚಿಹೋಗಿವೆ. ಈಗ ಪೈಪು ಹಾಕಿರುವ ನಾಳವೇ ಕೊನೆಯದು, ಇದೂ ಹೋದರೆ ಊಟ ಕೊಡಲು ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಇದನ್ನು ಅಣ್ಣನಿಗೆ ಹೇಳಿ ಹೇಳಿ ನಮ್ಮ ಗಂಟಲು ಒಣಗಿದೆ. ಅವನ ಪ್ರಕಾರ ನನ್ನದು ರೋಗವಲ್ಲ, ಸೋಮಾರಿತನ. ಮನಸ್ಸು ಗಟ್ಟಿಮಾಡಿ ನಾಲ್ಕು ತುತ್ತು ಅಗಿದರೆ ಕರುಳು ತಾನಾಗಿ ಬೆಳೆಯುತ್ತದಂತೆ. ಕರುಳೇನು ಉಗುರೇ? ಇಂಥ ಪಂಡಿತನ ಬೆನ್ನಿಗೇ ನಾನೂ ಹುಟ್ಟಿದೆನಲ್ಲ ಎಂದು ಹೇಸಿಗೆಯಾಗುತ್ತದೆ.

ಮೊನ್ನೆ ಸಂಜೆ ಬಂದವನು, ಹೊರಗೆ ಕೂತಿರಿ ಎಂದರೂ ಕೇಳದೆ ಕೋಣೆಗೆ ನುಗ್ಗಿದ. ಹೆಂಡತಿ ಫ್ಯಾನ್ ಆರಿಸಿ, ಮಾಸ್ಕ್ ಕಟ್ಟಿ, ಕೈ ಉಜ್ಜಿ ಉಜ್ಜಿ ತೊಳೆದು, ಟ್ಯೂಬಿನ ಮುಚ್ಚಳ ತೆಗೆದಿದ್ದಳಷ್ಟೆ. ಜಾಯಿಂಟ್ ಸರಿಯಿಲ್ಲ ಎನ್ನುತ್ತ ಅಣ್ಣ ಕೈಚಾಚಿ ಅದರ ತುದಿ ಹಿಡಿದ. ಸೈಟಿನಲ್ಲಿ ಮಾಡುವಂತೆ ಹೆಬ್ಬೆರಳಿನಿಂದ ಒತ್ತಿಯೂ ನೋಡಿದ. ಉಗುರಿನ ಸಂದಿಯಲ್ಲಿ ಕಪ್ಪು ಕೊಳೆಯಿತ್ತು.

ಹೆಂಡತಿ ನನ್ನ ಮುಖ ನೋಡಿದಳು. ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಅವಳು ಅಣ್ಣನ ಎದುರು ದನಿಯೆತ್ತಿದವಳಲ್ಲ. ನಾನೂ ಅಷ್ಟೆ.

“ಪರವಾಗಿಲ್ಲ, ಸ್ಪಿರಿಟ್‌ನಲ್ಲಿ ಒರೆಸಿ ಹಾಕ್ಬಿಡು,” ಅಂದೆ. ಅಣ್ಣನಲ್ಲ, ನಾನೇ ಅಂದೆ.

ಅವಳು ಟ್ಯೂಬಿನ ಸಮೇತ ಚೀಲವನ್ನು ಕಸದ ಬುಟ್ಟಿಗೆ ಎಸೆದಳು. ಮನೆಯಲ್ಲಿ ಇನ್ನೊಂದಿರಲಿಲ್ಲ. ಹೊಸವು ಬರುವುದು ಮಾರನೆಯ ದಿನ ಮಧ್ಯಾಹ್ನ. ಅಲ್ಲಿಯವರೆಗೆ ನನಗೆ ಉಪವಾಸ.

“ಭಾವ, ಹೊರಗೆ ನಡೀರಿ. ಇನ್ಮೇಲೆ ಈ ರೂಮಿಗೆ ಕಾಲಿಡ್ಬೇಡಿ.”

ಒಂದು ಬೆರಳು ತಾಗಿದ್ದಕ್ಕೆ ಇಷ್ಟು ಕೊಬ್ಬೇ ಎಂದು ಅಣ್ಣ ನನ್ನ ಮೇಲೆ ಹರಿಹಾಯ್ದ. ಹೆಂಡತಿಯನ್ನು ಹದ್ದುಬಸ್ತಿನಲ್ಲಿಡು ಎಂದ. ನಾನು ಹಾಸಿಗೆಯ ಅಂಚು ನೋಡುತ್ತ ಕೂತೆ. ಅವಳು ಬಾಗಿಲು ಹಿಡಿದು ನಿಂತೇ ಇದ್ದಳು. ಕೊನೆಗೆ ಗೊಣಗುತ್ತ ಹೊರಟುಹೋದ.

ಅವಳು ಮಾಸ್ಕ್ ಬಿಚ್ಚಿದಳು.

“ನೀವು ಸತ್ತರೂ ಅವರ ಮನಸ್ಸಿಗೆ ನೋವಾಗ್ಬಾರ್ದು, ಅಲ್ವಾ?”

ಇಷ್ಟು ವರ್ಷ ನಾನು ಅಣ್ಣನ ಬೆನ್ನ ಹಿಂದೆ ಯಾವ ಮುಖ ಮಾಡುತ್ತಿದ್ದೆನೋ, ಅದೇ ಮುಖ ಮಾಡಿಕೊಂಡು ಅವಳು ನನ್ನನ್ನು ನೋಡುತ್ತಿದ್ದಳು.